ಕ್ಯಾಬಿನ್ನಿನ ಎಡಬದಿಯ ಗುರುತು

2024ರ ನವೆಂಬರ್ 18, ಸೋಮವಾರ. ಬೆಳಿಗ್ಗೆ 9.40ಕ್ಕೆ ನಂಜನಗೂಡಿನ ಠಾಣೆಗೆ ಬಂದ ಬಸವಪ್ರಸಾದ್ ಎಂಬವರು ತಮ್ಮ ರೈಲು ಎಂಜಿನ್ ಕಳುವಾಗಿದೆ ಎಂದರು. ದೂರು ಬರೆದುಕೊಳ್ಳಲು ಕೂತಿದ್ದ ಹೆಡ್ ಕಾನ್‌ಸ್ಟೆಬಲ್ ಮರಿತಾಯಮ್ಮ ಪೆನ್ನು ಕೆಳಗಿಟ್ಟರು.

"ಅದಕ್ಕೆ ರೈಲ್ವೆ ಪೊಲೀಸ್ನೋರು ಬೇರೆ ಅವ್ರೆ ಸಾ."

"ಇಷ್ಟುದ್ದದ್ದು ಕಣಮ್ಮ" ಎಂದು ಬಸವಪ್ರಸಾದ್ ತಮ್ಮ ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿದರು.

ಠಾಣೆಯಲ್ಲಿದ್ದವರಿಗೆಲ್ಲ ನಗು ಬಂದದ್ದು ಸುಳ್ಳಲ್ಲ. ಕೊಲೆ, ಸುಲಿಗೆ, ಗದ್ದೆ ಬದುವಿನ ಹೊಡೆದಾಟ ನೋಡಿ ಬೇಸತ್ತವರಲ್ಲಿ, ಆಟದ ರೈಲಿನ ಕಳ್ಳತನ ಎಂದರೆ ಯಾರಿಗೆ ನಗು ಬಾರದು? ಮಂಗಳವಾರ ಸಂಜೆಯ ಮೇಲೆ ಮಾತ್ರ ಆ ಕೇಸಿನ ಹೆಸರೆತ್ತಿ ಯಾರೂ ನಗಲಿಲ್ಲ.

ದೂರಿನ ಸಾರಾಂಶ ಹೀಗಿತ್ತು. ಬಸವಪ್ರಸಾದ್, 46 ವರ್ಷ, ಬೀಜ-ಗೊಬ್ಬರದ ವ್ಯಾಪಾರಿ. ಉಗಿ ಎಂಜಿನ್ನುಗಳ ಮಾದರಿಗಳನ್ನು ಕೊಂಡು ಕೂಡಿಡುವುದು, ಬಿಚ್ಚಿ ಬೇರೆ ಬಣ್ಣ ಹೊಡೆದು ಒಳಗೆ ಮೋಟಾರ್ ಕೂಡಿಸುವುದು ಅವರ ಹವ್ಯಾಸ. ಮನೆಯ ಹಿಂದಿನ ಕೋಣೆಯಲ್ಲಿ ಅಂಥ 24 ಎಂಜಿನ್ನುಗಳಿದ್ದವು. ಭಾನುವಾರ ಬೆಳಿಗ್ಗೆ 11ಕ್ಕೆ ಮನೆಮಂದಿಯೆಲ್ಲ ದೇವನೂರಿಗೆ ಮದುವೆಗೆ ಹೋಗಿ ಸಂಜೆ 5ಕ್ಕೆ ಮರಳಿದಾಗ ಒಂದು ಇರಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ ಕಲಂ 305, 331(3)ರಡಿ ಎಫ್‌ಐಆರ್ ದಾಖಲಾಯಿತು.

11.15ಕ್ಕೆ ಇನ್‌ಸ್ಪೆಕ್ಟರ್ ದೊಡ್ಡಸಿದ್ದಯ್ಯ ಸ್ಥಳ ಪಂಚನಾಮೆಗೆ ಹೋದರು. ನಿವೃತ್ತಿಗೆ ಮೂರು ವರ್ಷ ಉಳಿದಿದ್ದ, ಮಾತು ಕಡಿಮೆಯ ಮನುಷ್ಯ. ಗಾಜಿನ ಬೀರುವಿನಲ್ಲಿ 23 ಎಂಜಿನ್ನುಗಳು ಸಾಲಾಗಿದ್ದವು. ಬಹುಪಾಲು ಹೊರದೇಶದವು.

"ಇದ್ರಲ್ಲಿ ದುಬಾರಿ ಯಾವ್ದು?"

"ಕಳುವಾಗಿದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ಸರ್. ಅದು ಇಲ್ಲೇ ಯಾರೋ ತಾಮ್ರದ ಪೈಪು, ಹಿತ್ತಾಳೆ ತುಂಡು ಸೇರಿಸಿ ಕೈಯಲ್ಲಿ ಮಾಡಿದ್ದು. ಸ್ಪಿರಿಟ್ ದೀಪ ಹಚ್ಚಿದ್ರೆ ನಿಜವಾಗಿ ಉಗಿ ಬಿಟ್ಕೊಂಡು ಓಡತ್ತೆ."

ಹಿತ್ತಲ ಕಡೆ ತೆರೆಯುವ ಆ ಕೋಣೆಯ ಬೀಗ ಹಾಕಿದಂತೆಯೇ ಇತ್ತು. ದೊಡ್ಡಸಿದ್ದಯ್ಯ ಕನ್ನಡಕ ಏರಿಸಿಕೊಂಡು ಬಾಗಿಲ ಸಂದಿಗೆ ಮುಖ ಹಿಡಿದರು. ಕೀಲಿನ ಸ್ಕ್ರೂಗಳ ಮೇಲಿನ ಹಳೆಯ ಬಣ್ಣ ಬಿರುಕು ಬಿಟ್ಟಿತ್ತು. ಬಂದವನು ಬಾಗಿಲನ್ನು ಕೀಲಿನ ಕಡೆಯಿಂದ ಬಿಚ್ಚಿ ಒಳಹೊಕ್ಕು, ಹೋಗುವಾಗ ಆರೂ ಸ್ಕ್ರೂಗಳನ್ನು ಮತ್ತೆ ಕೂಡಿಸಿದ್ದ.

ಬೀರುವಿನ ಪಕ್ಕದ ಮೇಜಿನ ಮೇಲೆ ಒಂದು ಸ್ಟೀಲ್ ಲೋಟ, ಅದರ ತುಂಬ ಕಂದು ನೀರು. ಮನೆಗೆಲಸದ ಮಂಚಮ್ಮನನ್ನು ಕರೆಸಿದರು.

"ಇದು ನೀನಿಟ್ಟಿದ್ದಾ?"

"ಇಲ್ಲ ಸಾ. ಈ ಕ್ವಾಣೆ ಒಳಕ್ಕೆ ನನ್ನ ಬುಡದೇ ಇಲ್ಲ. ಕುಡಿಯೋ ನೀರಲ್ಲ ಅದು, ಮ್ಯಾಲೆ ಎಣ್ಣೆ ತೇಲ್ತಾ ಐತೆ ನೋಡಿ."

ಬಸವಪ್ರಸಾದ್ ಮೂಸಿ ನೋಡಿ ಬೆಚ್ಚಿದರು. "ಬಾಯ್ಲರ್ ನೀರು ಸರ್ ಇದು! ಶನಿವಾರ ನೆಂಟರಿಗೆ ಓಡಿಸಿ ತೋರಿಸಿದ್ದೆ. ನೀರು ಖಾಲಿ ಮಾಡೋದು ಮರೆತಿದ್ದೆ."

"ಮಾಡ್ದಿದ್ರೆ?"

"ನಮ್ಮ ಬೋರ್ ನೀರಲ್ವಾ, ಒಳಗೆ ಉಪ್ಪು ಕಟ್ಟತ್ತೆ. ಹಂಗೇ ಎತ್ಕೊಂಡು ಹೋದ್ರೆ ನೀರು ಸಿಲಿಂಡರ್‌ಗೆ ಇಳಿದು ಕಿಲುಬು ಹಿಡಿಯತ್ತೆ. ಗೊತ್ತಿರೋರು ಯಾರೂ ಹಂಗೆ ಎತ್ತಲ್ಲ."

"ಖಾಲಿ ಆಗಕ್ಕೆ ಎಷ್ಟೊತ್ತು?"

"ಸಣ್ಣ ನಲ್ಲಿ. ಹನಿ ಹನಿಯಾಗಿ ಹತ್ತು ನಿಮಿಷ ಬೇಕು."

ದೊಡ್ಡಸಿದ್ದಯ್ಯ ಲೋಟವನ್ನೇ ನೋಡುತ್ತ ನಿಂತರು. ಮೂವತ್ತು ವರ್ಷಗಳಲ್ಲಿ ಅವರು ಬಗೆಬಗೆಯ ಕಳ್ಳರನ್ನು ಕಂಡಿದ್ದರು. ಕದಿಯುವ ಮಾಲು ಕೆಡಬಾರದೆಂದು ಕಂಡವರ ಮನೆಯಲ್ಲಿ ಹತ್ತು ನಿಮಿಷ ಕಾದು ನಿಂತವನನ್ನು ಕಂಡಿರಲಿಲ್ಲ.

"ಇದನ್ನ ಮಾಡಿದ್ದು ಯಾರು?"

"ಏಳು ತಿಂಗಳ ಹಿಂದೆ ಮೈಸೂರಲ್ಲಿ ನಮ್ಮಂಥ ಹವ್ಯಾಸದೋರೆಲ್ಲ ಸೇರಿದ್ವಿ. ಅಲ್ಲಿ ಒಬ್ಬ ತಂದಿದ್ದ, ಕೊಂಡೆ. ಮನೆಗೆ ತಂದು ಕೂಡಿಸಿಕೊಟ್ಟವನೂ ಅವನೇ. ಹೆಸರು ಜ್ಞಾಪಕ ಇಲ್ಲ. ನಂಬರ್ 'ಸ್ಟೀಮ್, ನರಸೀಪುರ' ಅಂತ ಹಾಕ್ಕೊಂಡಿದೀನಿ."

"ಇತ್ತೀಚೆಗೆ ಮಾತಾಡಿದ್ರಾ?"

"ಗುರುವಾರ ಫೋನ್ ಮಾಡಿದ್ದೆ. ಬಣ್ಣ ಯಾವ ಥಿನ್ನರ್‌ಗೆ ಬಿಡತ್ತೆ ಅಂತ ಕೇಳ್ದೆ. ಭಾನುವಾರ ದೇವನೂರಲ್ಲಿ ಮದುವೆ, ಸೋಮವಾರ ಪೂರ್ತಿ ಬಿಚ್ಚಿ ಮೋಟಾರ್ ಹಾಕಿ ಕೆಂಪು ಬಣ್ಣ ಹೊಡೀತೀನಿ ಅಂದೆ."

"ಅದಕ್ಕೇನಂದ?"

"ಅಂಗೇ ಇರ್ಲಿ ಬುಡಿ ಅಂದ. ಎರಡು ಸಲ ಅಂದ. ಯಾಕಪ್ಪಾ ಅಂದ್ರೆ ಫೋನಿಟ್ಟ."

"ಚೆನ್ನಾಗೇ ಇದ್ದಿದ್ದನ್ನ ನೀವ್ಯಾಕೆ ಬಿಚ್ಚಕ್ಕೋದ್ರಿ?"

ಬಸವಪ್ರಸಾದ್ ಸ್ವಲ್ಪ ನಾಚಿಕೊಂಡರು. "ನಾನು ಕೈಯಾಡಿಸದೆ ಯಾವ ಎಂಜಿನ್ನೂ ನಂದು ಅನ್ನಿಸಲ್ಲ ಸರ್."

ತಿರುವಿನ ಅಂಗಡಿಯ ಸಿಸಿಟಿವಿಯಲ್ಲಿ ಭಾನುವಾರ ಮಧ್ಯಾಹ್ನ 1.50ಕ್ಕೆ, ಸ್ವೆಟರಿನಲ್ಲಿ ಸುತ್ತಿದ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಬಸ್ ನಿಲ್ದಾಣದ ಕಡೆ ನಡೆಯುವ ಗಂಡಸೊಬ್ಬ ಕಂಡ. ಫೋನ್ ನಂಬರು ಟಿ. ನರಸೀಪುರ ತಾಲ್ಲೂಕು ಹೆಮ್ಮಿಗೆಯ ಕಾಂತರಾಜು ಎಂಬವನದು. ವಯಸ್ಸು 51, ಪಂಪ್‌ಸೆಟ್ ರಿಪೇರಿಯವನು.

ಮಂಗಳವಾರ ಮಧ್ಯಾಹ್ನ 4.10ಕ್ಕೆ, ಅಲ್ಲಿನ ಪೊಲೀಸರಿಗೆ ತಿಳಿಸಿ, ಇಬ್ಬರು ಪಂಚರನ್ನು ಕರೆದುಕೊಂಡು ದೊಡ್ಡಸಿದ್ದಯ್ಯ ಮತ್ತು ಮರಿತಾಯಮ್ಮ ಹೆಮ್ಮಿಗೆಗೆ ಹೋದರು. ಹುಡುಕುವ ಕೆಲಸವೇ ಬೀಳಲಿಲ್ಲ. ಮನೆ ಪಕ್ಕದ ಶೆಡ್ಡಿನಲ್ಲಿ, ಬಿಚ್ಚಿಟ್ಟ ಮೋಟಾರುಗಳ ನಡುವೆ, ಎಂಜಿನ್ ಎದುರಿಗೇ ಇತ್ತು. ಅದರ ಕೆಳಗೆ ಮಡಚಿದ ನೀಲಿ ಸ್ವೆಟರ್. ಕಾಂತರಾಜು ಸ್ಟೂಲಿನಿಂದ ಎದ್ದು ನಿಂತ.

"ಬನ್ನಿ ಸಾ. ನಿನ್ನೇನೇ ಬತ್ತೀರಿ ಅನ್ಕಂಡಿದ್ದೆ."

"ಕದ್ದಿದ್ದು ನೀನೇನಾ?"

"ಊ ಸಾ."

"ಯಾಕೆ?"

ಕಾಂತರಾಜು ಕೈಕಟ್ಟಿಕೊಂಡ. ಅಷ್ಟರಲ್ಲಿ ಟಾರ್ಚ್ ಹಿಡಿದು ಎಂಜಿನ್ನಿನ ಸುತ್ತ ನೋಡುತ್ತಿದ್ದ ಮರಿತಾಯಮ್ಮ ಕೂಗಿದರು.

"ಸಾ, ಬೆರಳಚ್ಚು! ಡ್ರೈವರ್ ನಿಲ್ಲೋ ಕ್ಯಾಬಿನ್ ಇದ್ಯಲ್ಲ, ಅದರ ಎಡಗಡೆ. ಬಣ್ಣದೊಳಗೇ ಒತ್ಕೊಂಡೈತೆ." ಕಿಟ್‌ನಿಂದ ಪುಡಿಯನ್ನೂ ಬ್ರಷ್ಷನ್ನೂ ತೆಗೆದರು.

"ಮುಟ್‌ಬ್ಯಾಡಿ!"

ಅಷ್ಟು ಹೊತ್ತು ಕೈಕಟ್ಟಿ ನಿಂತಿದ್ದ ಕಾಂತರಾಜು ಮೇಜಿಗೆ ಅಡ್ಡ ಬಂದಿದ್ದ. ಪಂಚರು ಹಿಂದೆ ಸರಿದರು. ದೊಡ್ಡಸಿದ್ದಯ್ಯ ಅವನ ತೋಳು ಹಿಡಿದರು.

"ಆ ಬೆರಳು ನಿಂದಾ?"

"ಅಲ್ಲ ಸಾ."

"ಮತ್ಯಾರ್ದು? ಜೊತೇಲಿ ಇನ್ಯಾರಿದ್ರು?"

ಕಾಂತರಾಜು ತಿರುಗಿ ನೋಡಿದ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ನಾಗರತ್ನ ಹೇಳಿದಳು:

"ನಮ್ ಮಗೀದು ಸಾ ಅದು. ವಾಣೀದು. ಅವಳಿಲ್ಲ ಈಗ. ಮಾರ್ಚಲ್ಲಿ ಡೆಂಗಿ ಬಂದು ಓಗ್ಬುಟ್ಳು. ಇಪ್ಪತ್ತು ವರ್ಸ."

ಮರಿತಾಯಮ್ಮ ಬ್ರಷ್ಷನ್ನು ಕಿಟ್ಟಿಗೆ ಹಾಕಿ ಮುಚ್ಚಿದರು. ಕಾಂತರಾಜು ಸ್ಟೂಲಿನ ಮೇಲೆ ಕೂತ. ಆಮೇಲೆ ಅವನನ್ನು ಕೇಳಬೇಕಾಗಲಿಲ್ಲ.

"ಡಿಪ್ಲೊಮಾ ಓದ್ತಿದ್ಳು ಸಾ, ಮೆಕ್ಯಾನಿಕಲ್ಲು. ಎರಡು ವರ್ಸ ಇಬ್ರೂ ಕೂತ್ಕಂಡು ಮಾಡಿದ್ದಿದು. ಸೀಟಿ ಕಡ್ದಿದ್ದು ಅವ್ಳೇ, ಲೇತ್ ಮಿಷಿನ್ನಲ್ಲಿ. ನಂಗೂ ಅಷ್ಟು ನಯ ಬರಕಿಲ್ಲ. ಕೊನೇಗೆ ಬಣ್ಣ ಒಡ್ದು, ಒಣಗದ್ರೊಳಗೆ ಎತ್ತಿ ನೋಡಕ್ಕೋಗಿ ಬೆರಳು ಒತ್ಬುಟ್ಳು. ಕಣ್ಣು ಕಾಣಕಿಲ್ವಾ, ಎಲ್ಲ ಕೆಡಿಸ್ದಲ್ಲ ಅಂತ ಬೈದೆ. ಉಜ್ಜಿ ಬ್ಯಾರೆ ಒಡಿತೀನಿ ಕಣಪ್ಪ ಅಂದ್ಳು. ಎರಡು ದಿನಕ್ಕೆ ಜ್ವರ ಬಂತು."

"ಹಾಗಿದ್ರೆ ಮಾರಿದ್ದ್ಯಾಕಯ್ಯ?"

"ನೋಡಕ್ಕಾಗ್ನಿಲ್ಲ ಸಾ. ಶೆಡ್ಡಿಗೆ ಬಂದ್ರೆ ಅದೇ ಬೆರಳು ಕಾಣ್ತಿತ್ತು. ಕಣ್ಮುಂದೆ ಇರಾದೇ ಬ್ಯಾಡ ಅಂತ ಕೊಟ್ಬುಟ್ಟೆ. ಕೊಟ್ಮೇಲೆ ಇಲ್ದೆ ಇರಕ್ಕೂ ಆಗ್ನಿಲ್ಲ. ಎಲ್ಲೋ ಒಂದ್ಕಡೆ ಇದ್ಯಲ್ಲ ಅಂತ ಸುಮ್ಗಿದ್ದೆ. ಥಿನ್ನರ್ ಯಾವ್ದು ಅಂತ ಫೋನ್ ಬಂತು ನೋಡಿ..."

"ಹಿಂಗಿಂಗೆ ಅಂತ ಅವ್ರಿಗೆ ಹೇಳ್ಬೋದಿತ್ತಲ್ಲ?"

ಕಾಂತರಾಜು ಎಂಜಿನ್ನಿನ ಕೆಳಗಿನ ಸ್ವೆಟರಿನ ಅಂಚು ಸರಿಮಾಡಿದ. "ಯೋಳ್ಬೇಕು ಅಂದ್ರೆ, ಅವ್ಳು ಓಗ್ಬುಟ್ಳು ಅಂತ ಮೊದ್ಲು ಯೋಳ್ಬೇಕಲ್ಲ ಸಾ. ಆ ಮಾತು ನನ್ ಬಾಯಲ್ಲಿ ಇವತ್ಗೂ ಬಂದಿಲ್ಲ."

ಈಗಲೂ ಆ ಮಾತನ್ನು ಅವನ ಹೆಂಡತಿಯೇ ಆಡಿದ್ದಳು.

ಸಂಜೆ 5.30ಕ್ಕೆ ಬಂಧನದ ಮೆಮೊ ಆಯಿತು. ಜಪ್ತಿ ಪಂಚನಾಮೆಯನ್ನು ದೊಡ್ಡಸಿದ್ದಯ್ಯ ತಾವೇ ಹೇಳಿ ಬರೆಸಿದರು. ಉದ್ದ, ಅಗಲ, ಚಕ್ರ, ಸೀಟಿ. ಮುಗಿಯಿತೆಂದು ಮರಿತಾಯಮ್ಮ ಗೆರೆ ಎಳೆಯಲು ಹೋದಾಗ ತಡೆದರು.

"ಇನ್ನೊಂದು ಬರ್ಕೊಳಮ್ಮ. ಮಾಲಿನ ಮುಖ್ಯ ಗುರುತು: ಕ್ಯಾಬಿನ್ನಿನ ಎಡಬದಿಯಲ್ಲಿ ಕಪ್ಪು ಬಣ್ಣದೊಳಗೆ ಒಣಗಿದ ಬಲಗೈ ಹೆಬ್ಬೆರಳಿನ ಅಚ್ಚು. ಆರೋಪಿಯ ಮಗಳು ದಿವಂಗತ ವಾಣಿಯದು. ಮಾಲನ್ನು ಗುರುತಿಸಲು ಇದೇ ಆಧಾರ. ಎರಡು ಫೋಟೊ ತೆಗಿ, ಪಂಚರ ಸಹಿ ಹಾಕಿಸು."

ಬುಧವಾರ ಬೆಳಿಗ್ಗೆ 10ಕ್ಕೆ ಬಸವಪ್ರಸಾದ್ ಠಾಣೆಗೆ ಬಂದು ಎಂಜಿನ್ ತಮ್ಮದೇ ಎಂದು ಗುರುತಿಸಿದರು.

"ಕೋರ್ಟಿಂದ ಬಿಡಿಸಿಕೊಂಡ ಮೇಲೆ ಬಿಚ್ಚಿ ಬಣ್ಣ ಹೊಡೀಬಹುದಲ್ವಾ ಸರ್?"

"ಆಗಲ್ಲ. ಬಾಂಡ್ ಬರ್ಕೊಟ್ಟು ಇಟ್ಕೋಬೋದು ಅಷ್ಟೆ. ಕೇಸು ಮುಗಿಯೋವರೆಗೂ ಗುರುತು ಅಳಿಸೋ ಹಾಗಿಲ್ಲ."

"ಯಾವ ಗುರುತು?"

ದೊಡ್ಡಸಿದ್ದಯ್ಯ ಪಂಚನಾಮೆಯನ್ನು ಮುಂದೆ ತಳ್ಳಿದರು. ಬಸವಪ್ರಸಾದ್ ನಿಂತೇ ಓದಲು ತೊಡಗಿದವರು ನಡುವೆ ಕುರ್ಚಿ ಎಳೆದುಕೊಂಡರು. ಓದಿ, ಮಡಚಿ, ಹಿಂದಕ್ಕಿಟ್ಟರು. "ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ ಅವನು" ಎಂದರು. ಕೇಸು ಮುಗಿದ ಮೇಲೆ ಏನು ಮಾಡುತ್ತೇನೆಂದು ಹೇಳಲಿಲ್ಲ, ದೊಡ್ಡಸಿದ್ದಯ್ಯನವರೂ ಕೇಳಲಿಲ್ಲ.

11.30ಕ್ಕೆ ಆರೋಪಿಯನ್ನು ನ್ಯಾಯಾಲಯಕ್ಕೆ ಒಯ್ಯುವ ಮೊದಲು ಅವನ ಬೆರಳಚ್ಚು ತೆಗೆದರು. ಹತ್ತೂ ಬೆರಳಿಗೆ ಕಪ್ಪು ಮಸಿ ಬಳಿದು ಮರಿತಾಯಮ್ಮ ಒಂದೊಂದಾಗಿ ಕಾಗದಕ್ಕೆ ಒತ್ತಿಸಿದರು. ಎಂಜಿನ್ ಅದೇ ಮೇಜಿನ ಮೇಲಿತ್ತು. ಮಸಿ ತಾಗೀತೆಂದು ಕಾಂತರಾಜು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಗ್ಗಿ, ಎಡಬದಿಯನ್ನು ನೋಡಿದ.

"ಸಾ, ಕೇಸು ಮುಗಿಯಗಂಟ ಇದನ್ನ ಯಾರೂ ಉಜ್ಜಂಗಿಲ್ವಾ?"

"ಉಜ್ಜಂಗಿಲ್ಲ."

"ಎಷ್ಟು ವರ್ಸ ಆಯ್ತದೆ ಸಾ ಕೇಸು?"

ಆ ಪ್ರಶ್ನೆಯನ್ನು ಠಾಣೆಯಲ್ಲಿ ದಿನಕ್ಕೆ ಹತ್ತು ಜನ ಕೇಳುತ್ತಿದ್ದರು. ಎಲ್ಲರಿಗೂ ಬೇಗ ಮುಗಿಯುತ್ತದೆ ಎಂದು ಹೇಳಿ ದೊಡ್ಡಸಿದ್ದಯ್ಯನವರಿಗೆ ಅಭ್ಯಾಸವಾಗಿತ್ತು.

"ಐದಾರು ವರ್ಷ ಆಗ್ಬೋದು ಕಣಪ್ಪ. ಇನ್ನೂ ಜಾಸ್ತೀನೂ ಆಗ್ಬೋದು."

"ಆಗ್ಲಿ ಬುಡಿ ಸಾ" ಎಂದ ಕಾಂತರಾಜು. "ನಿಧಾನಕ್ಕೇ ಆಗ್ಲಿ." ಆಮೇಲೆ ಜೀಪಿನ ಕಡೆ ನಡೆದ.