ಖಾಲಿ ಮಂಚದ ಬಾಯಾರಿಕೆ

ನಾನು ನರ್ಸ್. ರೋಗಿಗೆ ಬೆನ್ನು ನೋವು ಬಂದರೆ ನನ್ನ ಬೆನ್ನೂ ಹಿಡಿದುಕೊಳ್ಳುತ್ತದೆ. ಚಿಕ್ಕಂದಿನಿಂದಲೂ ಇದೇ ಪಾಡು. "ಕಂಡವರ ನೋವನ್ನೆಲ್ಲ ಮೈಮೇಲೆ ಎಳ್ಕೊಂಡ್ರೆ ನೀನು ಬದುಕೋದು ಯಾವಾಗ?" ಎಂದು ನಮ್ಮ ವಾರ್ಡಿನ ಹಿರಿಯ ನರ್ಸ್ ಅಕ್ಕ ಗದರುತ್ತಿದ್ದರು.

ಅವತ್ತು ಬೆಳಿಗ್ಗೆ ಕಿಟಕಿ ಪಕ್ಕದ ಮಂಚದ ಅಜ್ಜ ನೀರು ಕೇಳಿದರು. ಸಂಜೆ ಅವರಿಗೆ ಆಪರೇಷನ್ ಇತ್ತು; ಹೊಟ್ಟೆ ಖಾಲಿ ಇರಬೇಕಿತ್ತು.

"ಒಂದೇ ಗುಟುಕು ಕೊಡಮ್ಮ."

"ಆಪರೇಷನ್ ಮುಗೀಲಿ ಅಜ್ಜ, ನಾನೇ ಕುಡಿಸ್ತೀನಿ" ಎಂದೆ. ಆಪರೇಷನ್‌ಗೆ ಮುಂಚೆಯೇ, ಬೆಳಿಗ್ಗೆ ಹನ್ನೊಂದು ಗಂಟೆಗೆ ಅವರ ಹೃದಯ ನಿಂತುಹೋಯಿತು.

ದೇಹವನ್ನು ಸಾಗಿಸಿದರು, ಹಾಸಿಗೆ ಬಟ್ಟೆ ಬದಲಾಯಿಸಿದರು. ನನ್ನ ಗಂಟಲು ಮಾತ್ರ ಒಣಗುತ್ತಲೇ ಹೋಯಿತು. ಮೂರು ಬಾಟಲಿ ನೀರು ಕುಡಿದೆ; ಹೊಟ್ಟೆ ಭಾರವಾಯಿತೇ ಹೊರತು ದಾಹ ತೀರಲಿಲ್ಲ. ವಾರ್ಡಿನ ಬಾಗಿಲಾಚೆ ಹೋದರೆ ಕಡಿಮೆಯಾಗುತ್ತಿತ್ತು, ಆ ಮಂಚದ ಹತ್ತಿರ ಬಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದಿದ್ದರೂ ಮಂಚದ ಕಂಬಿ ತಣ್ಣಗೆ ಕೊರೆಯುತ್ತಿತ್ತು.

ಕೊನೆಗೆ ನಾಚಿಕೆ ಬಿಟ್ಟು ಹತ್ತಿಯ ಉಂಡೆಯನ್ನು ನೀರಲ್ಲಿ ಅದ್ದಿದೆ. ದಿಂಬಿನ ಮೇಲೆ ಅವರ ತುಟಿ ಇರುತ್ತಿದ್ದ ಎತ್ತರಕ್ಕೆ ಅದನ್ನು ಹಿಡಿದು ಕೂತೆ.

"ಕುಡೀರಿ ಅಜ್ಜ. ಕೊಡೋದು ತಡ ಆಯ್ತು."

ಸ್ವಲ್ಪ ಹೊತ್ತಿಗೆ ನನ್ನ ಗಂಟಲು ತಂಪಾಯಿತು. ಕಣ್ಣು ತುಂಬಿ ಬಂತು.

ಅಕ್ಕ ಯಾವಾಗ ಬಂದು ಹಿಂದೆ ನಿಂತಿದ್ದರೋ ಗೊತ್ತಿಲ್ಲ. ನನ್ನ ಕೈಯಿಂದ ಹತ್ತಿ ತೆಗೆದುಕೊಂಡು ಹಿಂಡಿದರು. ಬಗ್ಗಿ ದಿಂಬನ್ನೂ ಸವರಿ ನೋಡಿದರು. ಎರಡರಲ್ಲೂ ಒಂದು ಹನಿ ತೇವವೂ ಇರಲಿಲ್ಲ.