ಏಳನೆಯ ಮಾದರಿ ವ್ಯಕ್ತಿ

ಕಬ್ಬಿಣದ ಸಲಾಕೆಯ ಒಂದೇ ಏಟಿಗೆ ಮೇಲ್ವಿಚಾರಕ ಪ್ರೇಮ್‌ಕುಮಾರ್ ಸತ್ತಿದ್ದ. ತಾಂಡ್ಯದ ರಟ್ಟಿನ ಕಾರ್ಖಾನೆಯ ಉಗ್ರಾಣದಿಂದ ಅವನ ಹೆಣವನ್ನು ಸಾಗಿಸಿ ಎರಡು ಗಂಟೆಯಾಗಿತ್ತು. ಗೇಟಿನ ಪಕ್ಕದ ಕೋಣೆಯಲ್ಲಿ ಪುಟ್ಟರಾಜುವಿನ ಅಕ್ಕನ ಮಗಳು ರಂಜಿನಿ ತಲೆ ತಗ್ಗಿಸಿ ಕುಳಿತಿದ್ದಳು. ಅವಳನ್ನು ಠಾಣೆಗೆ ಕರೆದೊಯ್ಯಲು ಹೊರಗೆ ಜೀಪು ಕಾದಿತ್ತು.

ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿದ್ದ ಪುಟ್ಟರಾಜುವಿಗೆ ಆ ಜೀಪಿನ ಅರ್ಥ ಗೊತ್ತಿತ್ತು. ಅದಕ್ಕೇ ಅವನು ಇಂದ್ರಾಣಮ್ಮನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದಿದ್ದ. ನಂಜನಗೂಡಿನ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ನಿವೃತ್ತರಾಗಿದ್ದ ಆಕೆಯ ಜಗಲಿಗೆ, ಬಗೆಹರಿಯದ ಪ್ರಕರಣಗಳೆಲ್ಲ ಕೊನೆಗೆ ಬಂದು ಸೇರುತ್ತಿದ್ದವು.

ಇನ್‌ಸ್ಪೆಕ್ಟರ್ ನಂಜುಂಡೇಶ್ ಬೇಸರದಿಂದಲೇ ವಿವರಿಸಿದ. ಕಾರ್ಖಾನೆಯವರು ಕಾರ್ಡುಗಳ ಬದಲು ಫೋನಿನೊಳಗಿನ ಗುರುತಿನ ವಾಲೆಟ್ ತೋರಿಸಿ ಗೇಟು ದಾಟುವ ವ್ಯವಸ್ಥೆಯನ್ನು ಪರೀಕ್ಷಿಸುತ್ತಿದ್ದರು. ಇಂಥ ಸಂಸ್ಥೆಗಳಿಗಾಗಿಯೇ ಪೇಟೆಯಲ್ಲಿ ಒಂದು ನೆರವು ಕೇಂದ್ರವಿತ್ತು. ರಂಜಿನಿಯ ಕೆಲಸ ಅಲ್ಲೇ. ಕೇಂದ್ರವು ಕೈಪಿಡಿ ಕೊಟ್ಟು, ಫೋನಿನಲ್ಲಿ ಸಲಹೆ ಹೇಳಿ, ಪರೀಕ್ಷೆಗೆಂದು ಹತ್ತು ಮಾದರಿ ಗುರುತುಗಳನ್ನೂ ಒದಗಿಸಿತ್ತು. ಲೋಕದಲ್ಲಿ ಇಲ್ಲದ ಹತ್ತು ಜನರ ಗುರುತುಗಳು ಅವು. ಪ್ರತಿದಿನ ಬೆಳಿಗ್ಗೆ ಆರರಿಂದ ಏಳರವರೆಗೆ ಗೇಟಿನ ಯಂತ್ರ ತಾನಾಗಿ ಪರೀಕ್ಷಾ ಸ್ಥಿತಿಗೆ ಹೋಗುತ್ತಿತ್ತು.

"ಪ್ರೇಮ್‌ಕುಮಾರ್ ಐದೂ ಐವತ್ತಕ್ಕೆ ಒಳಗೆ ಬಂದ. ಆರೂ ಇಪ್ಪತ್ತಕ್ಕೆ ಏಳನೇ ಮಾದರಿ ವ್ಯಕ್ತಿ ಬಂದ. ಅವನು ಹೊರಗೆ ಹೋದ ದಾಖಲೆ ಇಲ್ಲ, ಹಿಂದಿನ ಗೋಡೆ ಹಾರಿರಬೇಕು. ಆ ಗುರುತು ಇದ್ದದ್ದು ಮೂವರ ಹತ್ತಿರ: ಸತ್ತವನು, ಕೂಲಿ ಕಂಟ್ರಾಕ್ಟರ್ ರವಿಕುಮಾರ್, ಈ ಹುಡುಗಿ. ರವಿಕುಮಾರ್ ತನ್ನದೇ ಗುರುತಿನಲ್ಲಿ ಬಂದು, ಹೆಣ ನೋಡಿ ಕೂಗಿಕೊಂಡ. ಈಕೆ ನಿನ್ನೆ ಪ್ರೇಮ್‌ಕುಮಾರ್ ಜೊತೆ ಅರ್ಧ ಗಂಟೆ ಫೋನಲ್ಲಿ ಮಾತಾಡಿದ್ದಾಳೆ. ಬೆಳಿಗ್ಗೆ ಮನೆಯಲ್ಲಿ ಒಬ್ಬಳೇ ಇದ್ದಳಂತೆ."

"ನಾನು ಬಂದಿದ್ದು ಆರೂ ನಲವತ್ತಕ್ಕೆ ಕಣ್ರೀ," ಎಂದ ರವಿಕುಮಾರ್. "ಫೋನ್ ತೋರಿಸ್ದೆ, ಗೇಟ್ ತೆಗೀತು. ಪರೀಕ್ಷೆ ಹೊತ್ತಲ್ಲಿ ನಿಜವಾದೋರ್ ಹೆಸರು ದಾಖಲಾಗಲ್ಲ, ಅಷ್ಟೆ."

ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಹುಚ್ಚಯ್ಯ ಗೊಣಗಿದ: "ನಿಮ್ ಫೋನು ಪುಣ್ಯ ಮಾಡಿತ್ತು ಬುಡಿ ಸಾ. ಟೀ ಕುಡ್ಕಂಡು ಆರೂವರೆಗೆ ಬಂದ್ರೆ, ಅತ್ತು ಸಲ ತೋರ್ಸುದ್ರೂ ನಂಗೆ ಕೆಂಪು ದೀಪವೇ. ಬೇಜಾರಾಗಿ ಇತ್ಲಗೋಗಿ ಬೀಡಿ ಅಚ್ದೆ. ನಿಮ್ ಕೂಗು ಕೇಳುದ್ಮೇಲೆ ಇತ್ಲಬಾಗ್ಲು ಬೀಗ ತೆಗ್ದು ಒಳಿಕ್ಕೆ ಬಂದಿದ್ದು."

"ನಿಂದು ಇನ್ನೂರು ರೂಪಾಯಿ ಫೋನು ಕಣಯ್ಯ," ಎಂದು ರವಿಕುಮಾರ್ ನಕ್ಕ.

ಇಂದ್ರಾಣಮ್ಮ ನಗಲಿಲ್ಲ. ಅವರು ಕೈಪಿಡಿಯನ್ನು ಮೊದಲಿಂದ ಕೊನೆಯವರೆಗೆ, ಹಳೆಯ ಪಹಣಿ ಓದುವಷ್ಟೇ ನಿಧಾನವಾಗಿ ಓದಿದರು. ಆಮೇಲೆ ಗೇಟಿನ ಎರಡು ತಿಂಗಳ ದಾಖಲೆ ತರಿಸಿಕೊಂಡರು. ಪುಟ್ಟರಾಜುವಿಗೆ ಜೀಪಿನ ಮೇಲಿಂದ ಕಣ್ಣು ಕೀಳಲಾಗಲಿಲ್ಲ.

"ನಂಜುಂಡೇಶ್, ನಾಳೆ ಬೆಳಿಗ್ಗೆ ಏಳರವರೆಗೆ ಇವಳನ್ನ ಬಿಟ್ಟಿರು. ಆರಕ್ಕೆ ಎಲ್ಲರೂ ಈ ಗೇಟಿನ ಮುಂದೆ ಇರಲಿ. ಕಾರ್ಖಾನೆಯವರು ಯಂತ್ರ ಮುಟ್ಟೋದು ಬೇಡ."

ಮರುದಿನ ಕತ್ತಲು ಹರಿಯುವ ಹೊತ್ತಿಗೆ ಎಲ್ಲರೂ ಸೇರಿದರು. ಆರು ಹೊಡೆದ ಕೂಡಲೇ ಯಂತ್ರದ ದೀಪ ಹಳದಿಗೆ ತಿರುಗಿತು.

"ರವಿಕುಮಾರ್, ಮೊನ್ನೆ ಬಂದ ಹಾಗೆಯೇ ಒಳಗೆ ಹೋಗಪ್ಪ," ಎಂದರು ಇಂದ್ರಾಣಮ್ಮ.

"ಮೊನ್ನೆಯಲ್ಲ, ನಿನ್ನೆ."

"ನಿನ್ನೆ ಬಂದ ಹಾಗೆ."

ಅವನು ಫೋನ್ ತೋರಿಸಿದ. ಕೆಂಪು ದೀಪ. ಒರೆಸಿ ಮತ್ತೆ ತೋರಿಸಿದ. ಮತ್ತೂ ಕೆಂಪು. "ಯಂತ್ರ ಕೆಟ್ಟಿದೆ," ಎಂದ.

ಇಂದ್ರಾಣಮ್ಮ ರಂಜಿನಿಗೆ ಸನ್ನೆ ಮಾಡಿದರು. ಅವಳು ಮೂರನೆಯ ಮಾದರಿ ಗುರುತನ್ನು ತೋರಿಸಿದಳು. ಗೇಟು ಸದ್ದಿಲ್ಲದೆ ತೆರೆದುಕೊಂಡಿತು.

"ಕೈಪಿಡಿಯ ಹದಿನಾಲ್ಕನೇ ಪುಟ. ಪರೀಕ್ಷೆಯ ಹೊತ್ತಿನಲ್ಲಿ ಗೇಟು ಮಾದರಿ ವ್ಯಕ್ತಿಗಳಿಗೆ ಮಾತ್ರ ತೆರೆಯುತ್ತದೆ. ನಿಜವಾದ ಗುರುತು ದಾಖಲಾಗದೆ ಇರೋದಲ್ಲ, ಒಳಗೇ ಬಿಡಲ್ಲ. ಹುಚ್ಚಯ್ಯನ ಫೋನು ಸರಿಯಾಗಿಯೇ ಇತ್ತು. ಹಿತ್ತಲ ಬಾಗಿಲಿನ ಬೀಗದ ಕೈ ಅವನ ಸೊಂಟದಲ್ಲಿತ್ತು. ಹಾಗಾದರೆ ನಿನ್ನೆ ನೀನು ಒಳಗೆ ಇದ್ದದ್ದು ಹೇಗೆ? ಆ ಗಂಟೆಯಲ್ಲಿ ಒಬ್ಬ ಮಾದರಿ ವ್ಯಕ್ತಿ ಒಳಗೆ ಬಂದ, ಹೊರಗೆ ಹೋಗಲಿಲ್ಲ. ಯಾಕೆಂದರೆ ಅವನು ಒಳಗೇ ನಿಂತು ಕೂಗಿಕೊಂಡ."

ಇಂದ್ರಾಣಮ್ಮ ದಾಖಲೆಯ ಹಾಳೆ ತಿರುವಿದರು.

"ಏಳನೆಯವನು ಹೋದ ತಿಂಗಳ ಹನ್ನೆರಡರಂದೂ ಒಳಗೆ ಹೋಗಿ ಹೊರಗೆ ಬಂದಿಲ್ಲ. ಅದರ ಮರುದಿನ ತಿ. ನರಸೀಪುರದ ಸಂಗಮದಲ್ಲಿ ನಿನ್ನ ಕೂಲಿ ಶಿವುವಿನ ಹೆಣ ಸಿಕ್ಕಿತು. ಹೊಳೆಗೆ ಬಿದ್ದ ಅಂತ ಬರೆದರು. ಕಾಗದದ ತಿರುಳಿನ ತೊಟ್ಟಿ ತೊಳೆಯೋಕೆ ಅವನನ್ನ ಏಳನೆಯವನ ಗುರುತಿನಲ್ಲಿ ಒಳಗೆ ಬಿಟ್ಟು, ಹೆಸರಿಲ್ಲದೆ ಇಳಿಸಿದೆ, ವಿಷಗಾಳಿಗೆ ಸತ್ತ. ಪರಿಹಾರ, ಕೇಸು ಎರಡೂ ಬೇಡ ಅಂತ ಹೆಣವನ್ನ ಕಪಿಲಾ ಹೊಳೆಗೆ ಹಾಕಿದೆ. ಪ್ರೇಮ್‌ಕುಮಾರ್ ಆ ದಾಖಲೆ ನೋಡಿ, ಆ ದಿನ ಏಳನೆಯವನು ಯಾರ ಫೋನಿನಲ್ಲಿದ್ದ ಅಂತ ನೆರವು ಕೇಂದ್ರವನ್ನ ಕೇಳಿದ. ಪೊಲೀಸರು ಕೇಳದ ಆ ಉತ್ತರವನ್ನ ನಿನ್ನೆ ರಂಜಿನಿ ನನಗೆ ಹೇಳಿದಳು: ನಿನ್ನ ಎರಡನೇ ಫೋನು."

ನಂಜುಂಡೇಶ್ ಆ ಫೋನನ್ನು ರವಿಕುಮಾರನ ಒಳಜೇಬಿನಿಂದಲೇ ತೆಗೆದ. ಜೀಪು ಬೇರೊಬ್ಬನನ್ನು ಹತ್ತಿಸಿಕೊಂಡಿತು.

ಪುಟ್ಟರಾಜುವಿಗೆ ಈಗ ಉಸಿರು ಬಂತು. "ನಡಿ ಮಗಾ, ಮನೆಗೋಗವ."

ರಂಜಿನಿ ಕದಲಲಿಲ್ಲ. "ಅಮ್ಮಾವ್ರೇ, ಪ್ರೇಮ್‌ಕುಮಾರ್ ಕೇಳಿದ್ದು ಇವನಿಗೆ ಹೆಂಗೆ ಗೊತ್ತಾಯ್ತು?"

ಇಂದ್ರಾಣಮ್ಮ ಕೈಪಿಡಿಯನ್ನು ಅವಳ ಮುಂದೆ ಹಿಡಿದರು. "ಕೈಪಿಡಿಯ ಕೊನೆ ಪುಟದಲ್ಲಿದೆ. ಸಂಸ್ಥೆಯವರು ಏನೇ ಕೇಳಲಿ, ನೋಂದಾಯಿಸಿದ ಇಬ್ಬರಿಗೂ ಉತ್ತರ ಕಳಿಸಬೇಕು. ಕಾರ್ಖಾನೆಯಿಂದ ನೋಂದಾಯಿಸಿದ್ದು ಪ್ರೇಮ್‌ಕುಮಾರ್, ರವಿಕುಮಾರ್ ಇಬ್ಬರನ್ನೇ."

"ಮೊನ್ನೆ ಸಂಜೆ ಐದಕ್ಕೆ ನಾನೇ ಕಳಿಸ್ದೆ. ಇಬ್ರಿಗೂ."

"ನಿಯಮ ಹಾಗಿತ್ತು ಕಣಮ್ಮ."

ನಂಜುಂಡೇಶ್ ಹೇಳಿಕೆಯ ಹಾಳೆ ಮುಂದಿಟ್ಟು ಸಹಿಯ ಜಾಗ ತೋರಿಸಿದ. ರಂಜಿನಿ ಅದನ್ನು ಎರಡು ಸಲ ಓದಿದಳು.

"ಇದ್ರಲ್ಲಿ ಅದು ಇಲ್ಲ ಸಾರ್. ಬರ್ಕೊಳಿ."

"ನಿಮಗೆ ಅದು ಬೇಕಾಗಿಲ್ಲಮ್ಮ. ಸುಮ್ಮನೆ ಕೋರ್ಟಲ್ಲಿ ನಿಮ್ಮನ್ನ ಹಿಂಡ್ತಾರೆ."

"ಬ್ಯಾಡ ಕಣ್ ಮಗಾ," ಎಂದ ಪುಟ್ಟರಾಜು. "ಬಚಾವಾಗಿದ್ದೀಯ."

ಅವಳು ಮಾವನ ಕಡೆ ನೋಡಲಿಲ್ಲ. ಪೆನ್ನು ತೆಗೆದುಕೊಂಡು, ಸಹಿಯ ಜಾಗದ ಮೇಲೆ ತಾನೇ ಬರೆಯತೊಡಗಿದಳು: ಉತ್ತರವನ್ನು ಇಬ್ಬರಿಗೂ ಕಳಿಸಿದವಳು ನಾನು.