ಗೆಡ್ಡಿಸ್ ಸಾಹೇಬನ ಜನನಪತ್ರ

ನಿಧಿ ಫೋನಿನಲ್ಲಿ ಅಳುತ್ತಿದ್ದಳು. "ಆಂಟಿ, ಸ್ಕಾಟ್‌ಲೆಂಡಿಂದ ಬಂದ ಕವರ್ ಕಾಣವಲ್ದು. ನಾಳೆ ನಲವತ್ತು ಮಂದಿ ಊಟಕ್ಕ ಬರ್ತಾರ. ಅವರ ಮುಂದ ಓದಬೇಕಂತ ಇಟ್ಟಿದ್ದೆ."

ಸರೋಜಾ ಆಂಟಿ ಮೈಸೂರಿನ ಪತ್ರಾಗಾರದಲ್ಲಿ ಮೂವತ್ತು ವರ್ಷ ಹಳೆಯ ಕಾಗದಗಳನ್ನು ಓದಿ, ನಿವೃತ್ತರಾಗಿ ಆಸ್ಟಿನ್‌ನಲ್ಲಿ ನಮ್ಮ ಪಕ್ಕದ ಮನೆಗೆ ಬಂದವರು. ಟೆಕ್ಸಾಸಿನ ಕನ್ನಡಿಗರಿಗೆ ಏನು ಕಳೆದರೂ ಅವರು ಬೇಕು. ಅವರನ್ನು ಕರೆದೊಯ್ಯಲು ಮಧುರಾ, ಅಂದರೆ ನಾನು, ಬೇಕು. ಮೂರು ಗಂಟೆ ಡ್ರೈವ್ ಮಾಡಿ ಸೌತ್‌ಲೇಕ್‌ನ ನಿಧಿಯ ಮನೆ ತಲುಪಿದೆವು.

ನಿಧಿಯ ತಂದೆಯ ಮುತ್ತಜ್ಜ ಜೇಮ್ಸ್ ಗೆಡ್ಡಿಸ್ ಸ್ಕಾಟ್‌ಲೆಂಡಿನ ಡಂಡಿಯಿಂದ ಬಂದು ಬೆಳಗಾವಿ ಕಡೆಯ ಹತ್ತಿ ಗಿರಣಿಯಲ್ಲಿ ಎಂಜಿನಿಯರ್ ಆಗಿದ್ದ. ಲಿಂಗಾಯತ ಹುಡುಗಿಯನ್ನು ಮದುವೆಯಾಗಿ ಅಲ್ಲೇ ಮಣ್ಣಾದ. ಎರಡು ವರ್ಷದಿಂದ ನಿಧಿ ಅವನ ಮೂಲ ಹುಡುಕುತ್ತಿದ್ದಳು.

"ಕವರಿನಲ್ಲಿ ಏನಿತ್ತು?" ಆಂಟಿ ಕೇಳಿದರು.

"ಅವನ ಜನನಪತ್ರ. ನಾನೂ ಒಡದು ನೋಡಿಲ್ಲ. ಏನು ತರಸೀನಿ ಅಂತ ಮನ್ಯಾಗ ಯಾರಿಗೂ ಹೇಳಿಲ್ಲ."

ಮನೆಯಲ್ಲಿ ಮೂವರನ್ನೂ ವಿಚಾರಿಸಿದೆವು. "ಕ್ಲೀನ್ ಮಾಡುವಾಗ ರದ್ದಿಗೆ ಹೋಯ್ತೇನೋ," ಎಂದ ಗಂಡ ಅಮರ್, ಫೋನಿನಿಂದ ಕಣ್ಣೆತ್ತದೆ. "ನನಗ ಇಂಗ್ಲಿಷ್ ಓದಾಕ ಬರಂಗಿಲ್ಲವ್ವಾ," ಎಂದರು ನಿಧಿಯ ತಾಯಿ ಮಲ್ಲವ್ವ. ತಂದೆ ಮಹಾಂತಪ್ಪ, ಹಣೆತುಂಬ ವಿಭೂತಿ ಧರಿಸಿದ ನಿವೃತ್ತ ಹೈಸ್ಕೂಲು ಮಾಸ್ತರರು, ಕಿಟಕಿಯತ್ತ ನೋಡುತ್ತ ಹೇಳಿದರು: "ಸಾಹೇಬ ಎಂಜಿನಿಯರ್ ಇದ್ದ, ಅಷ್ಟ ಸಾಕಲ್ರೀ. ಅವನಪ್ಪ ಏನ್ ಕಸುಬು ಮಾಡತಿದ್ದ ಅನ್ನೋದು ಕಟಗೊಂಡು ನಮಗೇನ್ರೀ?"

ಆಂಟಿ ಕಪಾಟಿನಿಂದ ದಪ್ಪ ಇಂಗ್ಲಿಷ್–ಕನ್ನಡ ನಿಘಂಟು ಇಳಿಸಿ, ಗುರುತಿನ ದಾರವಿದ್ದ ಪುಟ ತೆರೆದರು. 'ಎಫ್' ಅಕ್ಷರದ ಪುಟ. ಅಂಚಿನಲ್ಲಿ ಬೆರಳಾಡಿಸಿದರೆ ಬೂದಿಯಂಥ ಬಿಳಿಪುಡಿ ಹತ್ತಿತು.

"ಮಧುರಾ, ಎಲ್ಲರನ್ನೂ ಕರಿ."

ಎಲ್ಲರೂ ಕುಳಿತ ಮೇಲೆ ಆಂಟಿ ಮೆಲ್ಲಗೆ ಶುರುಮಾಡಿದರು. "ಸ್ಕಾಟ್‌ಲೆಂಡಿನ ಜನನಪತ್ರದಲ್ಲಿ ಅಪ್ಪನ ಕಸುಬೂ ಇರುತ್ತೆ. ಕವರಿನಲ್ಲಿ ಏನಿದೆ ಅಂತ ನಿಧಿಯನ್ನು ಬಿಟ್ಟು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಒಬ್ಬರು ಸಾಹೇಬನ ಅಪ್ಪನ ಕಸುಬಿನ ಮಾತೆತ್ತಿದರು. ಓದಿದವರಿಗೆ ಅರ್ಥವಾಗದ ಪದ ಸಿಕ್ಕಿದೆ, ನಿಘಂಟು ತೆಗೆದಿದ್ದಾರೆ. ಅಮರ್ ಆಗಿದ್ದರೆ ಫೋನಿನಲ್ಲೇ ನೋಡುತ್ತಿದ್ದ. ಪುಟದ ಮೇಲೆ ವಿಭೂತಿ ಇದೆ. ವಿಭೂತಿ ಮಲ್ಲವ್ವನವರೂ ಧರಿಸುತ್ತಾರೆ, ಆದರೆ ಅವರು ಇಂಗ್ಲಿಷ್ ಓದುವುದಿಲ್ಲ. ಹಳೇ ಸ್ಕಾಟ್ಸ್ ಭಾಷೆಯಲ್ಲಿ 'ಫ್ಲೆಶರ್' ಅಂದರೆ ಕಟುಕ. ಅದೇ ಪದ ಅಲ್ಲವೇ, ಮಾಸ್ತರ್ರೇ?"

ಮಹಾಂತಪ್ಪ ಅಂಗಿಯ ಒಳಜೇಬಿನಿಂದ ಕಾಗದ ತೆಗೆದರು.

"ಹನ್ನೊಂದು ವರ್ಷದಾಂವ ಇದ್ದೆ. ಸಾಹೇಬನ ಕುಲದಾಂವ ಅಂತ ಮದುವಿ ಪಂಕ್ತಿಯಿಂದ ಎಬ್ಬಿಸಿದ್ರು. ಇನ್ನ ಕಟುಕನ ಕುಲ ಅಂದ್ರ? ನಾಳೆ ಮಂದಿ ಮುಂದ ನನ್ನ ಮಗಳ ಮಾರಿ ಸಣ್ಣದಾಗಬಾರದು ಅಂತ..."

"ಅಪ್ಪಾ, ನೀವು ಹೇಳೇ ಇಲ್ಲಲ್ಲ," ಎಂದಳು ನಿಧಿ, ಅವರ ಕೈ ಹಿಡಿದು.

"ಓದೋದು ಬಿಡೋದು ನಿಮ್ಮಿಷ್ಟ," ಎಂದರು ಆಂಟಿ. "ಆದರೆ ನೀವು ಅದನ್ನ ಹರಿದು ಹಾಕಲಿಲ್ಲ. ಯಾಕೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ."

ಮರುದಿನ ಊಟಕ್ಕೆ ಮೊದಲು ಮಹಾಂತಪ್ಪ ತಾವೇ ಎದ್ದು ನಿಂತು ಓದಿದರು: "ಜೇಮ್ಸ್ ಗೆಡ್ಡಿಸ್. ತಂದಿ ರಾಬರ್ಟ್. ಕಸುಬು, ಕಟುಕ."

ಆಮೇಲೆ ಟೆಕ್ಸಾಸಿನದೇ ಮಿಸೌರಿ ಸಿಟಿಯಿಂದ ಬಂದಿದ್ದ ಹೊನ್ನಮ್ಮ ಎಂಬ ಹಿರಿಯರು ತಟ್ಟೆ ಕೆಳಗಿಟ್ಟರು.

"ನಮ್ಮಜ್ಜಿ ನಾಟಕ ಕಂಪನಿಯೊಳಗ ಕುಣೀತಿದ್ಲು. ನಲವತ್ತು ವರ್ಷ ಯಾರಿಗೂ ಹೇಳಿಲ್ಲ ನಾನು."

"ಹೆಸರೇನ್ರೀ ಅವರದು?" ಮಹಾಂತಪ್ಪ ಕೇಳಿದರು.

"ತುಳಸವ್ವ," ಎಂದರು ಹೊನ್ನಮ್ಮ. ಕಣ್ಣೊರೆಸಿಕೊಂಡು, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು: "ತುಳಸವ್ವ."